ಕತೆಯನ್ನು ಎಲ್ಲಿ ನಿಲ್ಲಿಸಿದರು?

‘ಕರೇಜ್ ಅಂಡರ್ ಫೈರ್’ ಸಿನಿಮಾದ ಬಗ್ಗೆ ಯಾರೇ ಮಾತಾಡಲಿ, ಎರಡನೇ ವಾಕ್ಯದೊಳಗೆ ‘ರಶೋಮನ್’ ಬಂದೇ ಬರುತ್ತೆ. ಬರಲಿ, ತಪ್ಪೇನಿಲ್ಲ. ಒಂದೇ ಘಟನೆಯನ್ನು ನಾಲ್ಕು ಜನ ನಾಲ್ಕು ಥರ ಹೇಳಿದರೆ ಅದಕ್ಕೆ ಕುರೊಸಾವನ 1950ರ ಸಿನಿಮಾದ ಹೆಸರಿಡುವುದು ರೂಢಿಯಾಗಿಬಿಟ್ಟಿದೆ. 2014ರಲ್ಲಿ ರಕ್ಷಿತ್ ಶೆಟ್ಟಿಯ ‘ಉಳಿದವರು ಕಂಡಂತೆ’ ಬಂದಾಗ ನಮ್ಮಲ್ಲೂ ಹೀಗೇ ಆಯಿತು. ಆದರೆ ಎಡ್ವರ್ಡ್ ಜ್ವಿಕ್ 1996ರಲ್ಲಿ ಮಾಡಿದ ಈ ಯುದ್ಧದ ಸಿನಿಮಾ ರಶೋಮನ್‌ನ ತಮ್ಮ ಅಲ್ಲ, ಅದರ ಜೊತೆ ಗಡಿ ಜಗಳಕ್ಕೆ ನಿಂತ ದಾಯಾದಿ ಅಂತ ನನಗನ್ನಿಸುತ್ತೆ.

ರಶೋಮನ್ ಮುಗಿದಾಗ ಕಾಡಿನಲ್ಲಿ ನಿಜವಾಗಿ ನಡೆದದ್ದೇನು ಅಂತ ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಅನ್ನುವುದೇ ಅದರ ಹಟ. ಇಲ್ಲಿ ಹಾಗಲ್ಲ. ನಡೆದದ್ದು ಒಂದೇ, ಅದು ಬದುಕುಳಿದವರಿಗೆ ಚೆನ್ನಾಗಿ ಗೊತ್ತು. ಅವರು ಪೂರಾ ಸುಳ್ಳನ್ನೂ ಹೇಳುತ್ತಿಲ್ಲ. ತಮಗೆ ಅನುಕೂಲವಾದ ಜಾಗದಲ್ಲಿ ಕತೆಯನ್ನು ನಿಲ್ಲಿಸುತ್ತಿದ್ದಾರೆ, ಅಷ್ಟೆ.

1991ರ ಗಲ್ಫ್ ಯುದ್ಧ. ರಾತ್ರಿ ಹೊತ್ತು, ಇರಾಕಿ ಟ್ಯಾಂಕುಗಳು ಅಮೆರಿಕನ್ ಸಾಲಿನೊಳಗೇ ನುಗ್ಗಿವೆ. ಲೆಫ್ಟಿನೆಂಟ್ ಕರ್ನಲ್ ಸರ್ಲಿಂಗ್ ಎದುರಿಗೆ ಕಂಡ ಟ್ಯಾಂಕಿಗೆ ಗುಂಡು ಹೊಡೆಯಲು ಹೇಳುತ್ತಾನೆ. ಸಿಡಿದದ್ದು ತನ್ನ ಗೆಳೆಯ ಕ್ಯಾಪ್ಟನ್ ಬಾಯ್ಲರ್ ಇದ್ದ ಟ್ಯಾಂಕು. ಸೈನ್ಯ ಇದನ್ನು ಮುಚ್ಚಿಹಾಕುತ್ತೆ. ಬಾಯ್ಲರನ ಅಪ್ಪ ಅಮ್ಮನಿಗೆ, ಮಗ ಶತ್ರುವಿನ ಗುಂಡಿಗೆ ಬಿದ್ದ ಅನ್ನುವ ಕತೆ ತಲುಪುತ್ತೆ. ಸರ್ಲಿಂಗನಿಗೆ ಪದಕ ಕೊಟ್ಟು, ಪೆಂಟಗನ್‌ನಲ್ಲಿ ಒಂದು ಕುರ್ಚಿ ಕೊಟ್ಟು ಕೂರಿಸುತ್ತಾರೆ. ಆ ಕುರ್ಚಿಗೆ ಬಂದ ಕೆಲಸವೇ ತನಿಖೆ. ಸತ್ತುಹೋದ ಹೆಲಿಕಾಪ್ಟರ್ ಪೈಲಟ್ ಕ್ಯಾಪ್ಟನ್ ಕ್ಯಾರೆನ್ ವಾಲ್ಡನ್‌ಗೆ ಮೆಡಲ್ ಆಫ್ ಆನರ್ ಕೊಡಬಹುದೋ ಇಲ್ಲವೋ ನೋಡಿ ಹೇಳು. ಬೇಗ ಹೇಳು, ಶ್ವೇತಭವನದವರು ಫೋಟೋಗೆ ಕಾಯುತ್ತಿದ್ದಾರೆ.

ಕಾಯುವುದಕ್ಕೆ ಕಾರಣ ಇದೆ. ಆ ಪದಕವನ್ನು ಇಲ್ಲಿಯವರೆಗೆ ಪಡೆದ ಹೆಂಗಸು ಒಬ್ಬಳೇ, ಅಂತರ್ಯುದ್ಧದ ಕಾಲದ ವೈದ್ಯೆ ಮೇರಿ ವಾಕರ್. ಆಕೆಗೆ 1865ರಲ್ಲಿ ಕೊಟ್ಟದ್ದನ್ನು 1917ರಲ್ಲಿ ರದ್ದು ಮಾಡಿದರು, 1977ರಲ್ಲಿ ಮತ್ತೆ ಕೊಟ್ಟರು. ಒಬ್ಬಳ ಶೌರ್ಯದ ಬಗ್ಗೆ ಸರ್ಕಾರಕ್ಕೇ ನೂರು ವರ್ಷದಲ್ಲಿ ಮೂರು ಅಭಿಪ್ರಾಯ! ಸಿನಿಮಾ ಇದನ್ನು ಬಳಸಿಕೊಂಡಿಲ್ಲ, ಬಳಸಿಕೊಳ್ಳಬಹುದಿತ್ತು.

ವಾಲ್ಡನ್ ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರಿನವಳು. ನೆಲಕ್ಕೆ ಬಿದ್ದಿದ್ದ ಇನ್ನೊಂದು ಹೆಲಿಕಾಪ್ಟರಿನ ಜನರನ್ನು ಇರಾಕಿ ಟ್ಯಾಂಕೊಂದು ಮುತ್ತಿರುವಾಗ, ತನ್ನಲ್ಲಿದ್ದ ಹೆಚ್ಚುವರಿ ಇಂಧನದ ಚೀಲವನ್ನೇ ಅದರ ಮೇಲೆ ಕೆಡವಿ ಬೆಂಕಿ ಹಚ್ಚಿಸುತ್ತಾಳೆ. ಆಮೇಲೆ ಅವಳ ಹೆಲಿಕಾಪ್ಟರೂ ಉರುಳುತ್ತೆ. ಇಲ್ಲಿವರೆಗೆ ಯಾರದ್ದೂ ತಕರಾರಿಲ್ಲ. ತಕರಾರು ಇರುವುದು ಆ ನಂತರದ ರಾತ್ರಿಯ ಬಗ್ಗೆ. ಮೆಡಿಕ್ ಇಲಾರಿಯೋ ಪ್ರಕಾರ ಅವಳು ಕೊನೆಯವರೆಗೂ ಧೈರ್ಯವಾಗಿದ್ದಳು. ಸಾರ್ಜೆಂಟ್ ಮಾನ್‌ಫ್ರೀಜ್ ಪ್ರಕಾರ ಅವಳು ಅಳುಬುರುಕಿ, ಶರಣಾಗೋಣ ಅನ್ನುತ್ತಿದ್ದವಳು. ಇನ್ನೊಬ್ಬ ಆಲ್ಟಮೇಯರ್ ಆಸ್ಪತ್ರೆಯಲ್ಲಿ ಸಾಯುತ್ತಾ ಮಲಗಿದ್ದಾನೆ. ಆ ರಾತ್ರಿಯ ಬಗ್ಗೆ ಕೇಳಿದರೆ ಮಾರ್ಫಿನ್ ಗುಂಡಿ ಒತ್ತಿಕೊಳ್ಳುತ್ತಾನೆ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದಲ್ಲಿ ಅತ್ಯಂತ ಪ್ರಾಮಾಣಿಕ ಸಾಕ್ಷಿ ಅವನೇ.

ಎರಡೂ ಕತೆಗಳಲ್ಲಿ ಬರುವ ಕಣ್ಣೀರನ್ನು ಗಮನಿಸಿ. ಮಾನ್‌ಫ್ರೀಜ್ ಹೇಳುವಾಗ ಅದು ಹೇಡಿತನದ ರುಜುವಾತು. ಇಲಾರಿಯೋ ಕೊನೆಗೆ ಬಾಯಿ ಬಿಟ್ಟಾಗಲೂ ಆ ಕಣ್ಣೀರು ಹಾಗೇ ಇರುತ್ತೆ, ಮಾಯವಾಗುವುದಿಲ್ಲ. ಅದೆಲ್ಲ ಬರೀ ಟೆನ್ಷನ್ನು, ಅದಕ್ಕೇನೂ ಅರ್ಥ ಇಲ್ಲ ಅಂತ ವಾಲ್ಡನ್ ಬೈದು, ಮುಂದಿನ ಆರ್ಡರ್ ಕೊಡುತ್ತಾಳೆ. ಅವಳು ಅತ್ತದ್ದು ನಿಜ. ಅತ್ತ ಮೇಲೆ ಏನು ಮಾಡಿದಳು ಅನ್ನುವುದನ್ನು ಮಾನ್‌ಫ್ರೀಜ್ ಹೇಳಲಿಲ್ಲ. ಮೆಗ್ ರಯಾನ್ ಅಂದರೆ ಪ್ರೇಮಕತೆಗಳ ಮುದ್ದು ಮುಖ ಅಂತಿದ್ದ ಕಾಲ ಅದು. ಒಂದೇ ಮುಖದಲ್ಲಿ ಇಬ್ಬರು ವಾಲ್ಡನ್‌ಗಳನ್ನು ಆಕೆ ಹೆಚ್ಚೇನೂ ಮಾಡದೆ ತೋರಿಸಿದ್ದು ನನಗೆ ಇವತ್ತಿಗೂ ಆಶ್ಚರ್ಯ.

ತನಿಖೆ ಬಿಚ್ಚಿಕೊಳ್ಳುವುದು ಒಂದು ಸದ್ದಿನಿಂದ. ಬೆಳಿಗ್ಗೆ ರಕ್ಷಣೆಗೆ ಹೆಲಿಕಾಪ್ಟರ್ ಬಂದಾಗ ಎಂ-16 ಬಂದೂಕಿನ ಸದ್ದು ಇನ್ನೂ ಕೇಳುತ್ತಿತ್ತು ಅಂತ ದೂರದಲ್ಲಿದ್ದವರು ಹೇಳುತ್ತಾರೆ. ವಾಲ್ಡನ್ ತಂಡದವರ ಮಾತಿನೊಳಗೆ ಆ ಬಂದೂಕಿಗೆ ಜಾಗವೇ ಇಲ್ಲ. ಹಾಗಾದರೆ ಹೊಡೆಯುತ್ತಿದ್ದವರು ಯಾರು? ವಾಲ್ಡನ್ನೇ. ರಾತ್ರಿ ಮಾನ್‌ಫ್ರೀಜ್ ಗಾಯಾಳುವನ್ನು ಬಿಟ್ಟು ಓಡಿಹೋಗೋಣ ಅಂತ ತಿರುಗಿಬಿದ್ದಿದ್ದ. ಅವನ ಬೆನ್ನ ಹಿಂದೆ ಬಂದ ಇರಾಕಿ ಸೈನಿಕನಿಗೆ ಅವಳು ಗುಂಡು ಹೊಡೆದಳು. ತನಗೇ ಹೊಡೆದಳು ಅಂದುಕೊಂಡು ಅವನು ಅವಳ ಹೊಟ್ಟೆಗೆ ಹೊಡೆದ. ಬೆಳಿಗ್ಗೆ ಅದೇ ಗಾಯದಲ್ಲಿ ಅವಳು ಉಳಿದವರಿಗೆ ಕಾವಲು ಕೂತಳು. ಹೆಲಿಕಾಪ್ಟರ್ ಹತ್ತಿದ ಮೇಲೆ ಮಾನ್‌ಫ್ರೀಜ್ ‘ಅವಳು ಸತ್ತಳು’ ಅಂದ. ಇಲಾರಿಯೋ ಸುಮ್ಮನಿದ್ದ. ಆ ಜಾಗದ ಮೇಲೆ ನೇಪಾಮ್ ಬಿತ್ತು.

ಇಲಾರಿಯೋ ಮೊದಲು ಹೇಳಿದ ಕತೆಯಲ್ಲಿ ವಾಲ್ಡನ್ ಧೈರ್ಯವಂತೆ ಅನ್ನುವುದು ನಿಜವೇ ಅಲ್ವಾ? ಒಳ್ಳೆಯವಳನ್ನು ಒಳ್ಳೆಯವಳು ಅಂದ. ತಾನು ಸುಮ್ಮನಿದ್ದ ಗಳಿಗೆಯ ಮುಂಚೆ ಮಾತು ನಿಲ್ಲಿಸಿದ. ಅವನ ಹೊಗಳಿಕೆಯೇ ಅವನ ಮರೆ. ಆಗಿನ್ನೂ ಹುಡುಗನಾಗಿದ್ದ ಮ್ಯಾಟ್ ಡೇಮನ್ ಈ ಪಾತ್ರಕ್ಕಾಗಿ ಇಳಿಸಿಕೊಂಡ ತೂಕದ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನನಗೆ ನೆನಪಿರುವುದು ಅವನ ಆ ಅತಿಯಾದ ವಿನಯ, ಕೇಳದೇ ಇದ್ದದ್ದನ್ನೂ ಹೇಳುವ ಆತುರ.

ಕನ್ನಡದಲ್ಲಿ ‘ಗುಂಡು ಹಾರಿತು’ ಅಂದರೆ ಅದು ತಾನಾಗಿಯೇ ಹಾರಿದ ಹಾಗೆ. ‘ಹಾರಿಸಿದೆ’ ಅನ್ನಬೇಕಾದರೆ ‘ನಾನು’ ಬೇಕು. ಐಟಿಯಲ್ಲಿರುವ ನಾವು ಈ ವ್ಯಾಕರಣದಲ್ಲಿ ಪಳಗಿದವರು. ರಾತ್ರಿ ಸರ್ವರ್ ಬಿದ್ದರೆ ಬೆಳಿಗ್ಗೆಯ ವರದಿಯಲ್ಲಿ ‘ಕಾನ್ಫಿಗರೇಷನ್ ಬದಲಾಗಿತ್ತು’ ಅಂತಿರುತ್ತೆ. ಬದಲಾಯಿಸಿದವರಿಗೆ ಆ ವಾಕ್ಯದಲ್ಲಿ ಕೂರಲು ಜಾಗ ಇರುವುದಿಲ್ಲ. ಸರ್ಲಿಂಗನ ಕಷ್ಟವೂ ಇದೇ. ಸೈನ್ಯ ಅವನಿಗೆ ‘ಹಾರಿತು’ ಅನ್ನುವ ವರದಿಯನ್ನು ಉಚಿತವಾಗಿ ಬರೆದುಕೊಟ್ಟಿದೆ. ಅದಕ್ಕೆ ಅವನು ಸಹಿ ಹಾಕಿದಂತೆ ಬದುಕಬೇಕು. ಬದುಕಲಾರದೆ ಕುಡಿಯುತ್ತಾನೆ, ಮನೆ ಬಾಗಿಲವರೆಗೆ ಬಂದು ಕಾರಿನಲ್ಲೇ ಕೂತಿರುತ್ತಾನೆ.

‘ಎ ಫ್ಯೂ ಗುಡ್ ಮೆನ್’ ಮತ್ತು ಅದರಿಂದ ಹುಟ್ಟಿದ ಹಿಂದಿಯ ‘ಶೌರ್ಯ’ಕ್ಕಿಂತ ಈ ಸಿನಿಮಾ ದೊಡ್ಡದಾಗುವುದು ಇಲ್ಲಿ. ಅವುಗಳಲ್ಲಿ ಪಾಪವೆಲ್ಲ ಕಟಕಟೆಯಲ್ಲಿ ಕೂತ ಒಬ್ಬ ದೊಡ್ಡ ಅಧಿಕಾರಿಯಲ್ಲಿ ಶೇಖರವಾಗಿರುತ್ತೆ. ಅವನು ಅಬ್ಬರಿಸಿ ಬಾಯಿಬಿಟ್ಟ ಕೂಡಲೇ ನಾವು ಸ್ನಾನ ಮಾಡಿದಷ್ಟು ಹಗುರಾಗಿ ಮನೆಗೆ ಹೋಗುತ್ತೇವೆ. ಕೆ ಕೆ ಮೆನನ್ ಎಷ್ಟು ಚೆನ್ನಾಗಿ ಅಬ್ಬರಿಸಿದರೂ ಅದು ನಮಗೆ ಸಿಕ್ಕ ರಿಯಾಯಿತಿಯೇ. ಇಲ್ಲಿ ಪ್ರಶ್ನೆ ಕೇಳುವವನ ಕಡತವೇ ಕೊಳೆತಿದೆ. ಸಾಕ್ಷಿಗಳು ಎಲ್ಲಿ ತಡವರಿಸುತ್ತಾರೆ ಅಂತ ಅವನಿಗೆ ಗೊತ್ತಾಗುವುದು ಅವನೂ ಅಲ್ಲೇ ತಡವರಿಸುವವನಾದ್ದರಿಂದ.

ಅವನ ಆ ರಾತ್ರಿಯ ರೇಡಿಯೋ ಮಾತುಗಳ ಟೇಪು ಹೊರಬಂದಾಗ ಇನ್ನೊಂದು ಸಂಗತಿ ತಿಳಿಯುತ್ತೆ. ತಪ್ಪು ಟ್ಯಾಂಕಿಗೆ ಹೊಡೆದ ಮೇಲೆ, ನಮ್ಮವರೆಲ್ಲ ದೀಪ ಹಾಕಿ ಅಂತ ಅವನು ಹೇಳಿದ್ದ. ದೀಪ ಇಲ್ಲದ್ದು ಶತ್ರುವಿನದ್ದು ಅಂತ ಗೊತ್ತಾಗಲಿ ಅಂತ. ಅದರಿಂದ ಜೀವಗಳು ಉಳಿದವು. ಅಂದರೆ ಅವನು ಗೆಳೆಯನನ್ನು ಕೊಂದದ್ದೂ ನಿಜ, ಪದಕಕ್ಕೆ ಯೋಗ್ಯನಾದದ್ದೂ ನಿಜ, ಎರಡರ ನಡುವೆ ಕೆಲವೇ ನಿಮಿಷ. ಒಂದು ಇನ್ನೊಂದನ್ನು ವಜಾ ಮಾಡುವುದಿಲ್ಲ. ಬಾಯ್ಲರನ ತಂದೆ ತಾಯಿಯ ಮುಂದೆ ಅವನು ಕೂತಾಗ ದೀಪದ ಕತೆ ಎತ್ತುವುದಿಲ್ಲ. ಹೊಡೆಯಲು ಹೇಳಿದ್ದು ನಾನು ಅನ್ನುತ್ತಾನೆ. ಡೆನ್ಜೆಲ್ ವಾಷಿಂಗ್ಟನ್‌ಗೆ ಆಸ್ಕರ್ ತಂದುಕೊಟ್ಟದ್ದು ಇದೇ ಜ್ವಿಕ್‌ನ ‘ಗ್ಲೋರಿ’. ಆದರೆ ಈ ಎರಡು ನಿಮಿಷ ನನಗೆ ಅದಕ್ಕಿಂತ ಹೆಚ್ಚು.

ಇನ್ನು ಜಗಳ. ಸಾಕ್ಷಿಗಳನ್ನು ಅಳೆದ ಕೋಲಿನಿಂದಲೇ ಸಿನಿಮಾವನ್ನೂ ಅಳೆದರೆ, ಇದು ತನ್ನ ಕತೆಯನ್ನು ಎಲ್ಲಿ ನಿಲ್ಲಿಸಿತು? ಪದಕ ಪ್ರದಾನದಲ್ಲಿ. ವಾಲ್ಡನ್‌ಳ ಪುಟ್ಟ ಮಗಳು, ಬ್ಯಾಂಡು, ಸೆಲ್ಯೂಟು. ಮಾನ್‌ಫ್ರೀಜ್ ಅಷ್ಟೊತ್ತಿಗೆ ತನ್ನ ಕಾರನ್ನು ರೈಲಿಗೆ ಎದುರಾಗಿ ಓಡಿಸಿ ಸತ್ತಿರುತ್ತಾನೆ. ಅವನು ಬದುಕಿದ್ದರೆ ಕೋರ್ಟ್ ಮಾರ್ಷಲ್ ಆಗಬೇಕಿತ್ತು, ವಾಲ್ಡನ್ ಸತ್ತದ್ದು ಹೇಗೆ ಅಂತ ಮಗಳಿಗೆ ಯಾರಾದರೂ ಹೇಳಬೇಕಿತ್ತು. ರೈಲು ಬಂದು ಸೈನ್ಯವನ್ನೂ ಚಿತ್ರಕತೆಯನ್ನೂ ಒಟ್ಟಿಗೆ ಪಾರು ಮಾಡಿತು. ಇರಾಕಿಗಳಂತೂ ದಿಣ್ಣೆಯ ಹಿಂದಿನ ನೆರಳುಗಳು. ಎಲ್ಲರ ಹೇಳಿಕೆ ಕೇಳುವ ಸಿನಿಮಾಕ್ಕೆ ಅವರದ್ದೊಂದು ಹೇಳಿಕೆ ಇರಬಹುದು ಅಂತ ಹೊಳೆಯುವುದೇ ಇಲ್ಲ.

ಆದರೂ ಮುಚ್ಚಿಹಾಕುವ ಭಾಗದಲ್ಲಿ ಇದು ಏನನ್ನೂ ಉತ್ಪ್ರೇಕ್ಷೆ ಮಾಡಿಲ್ಲ. ಆ ಯುದ್ಧದಲ್ಲಿ ಕಾದಾಟದಲ್ಲೇ ಸತ್ತ ಅಮೆರಿಕನ್ನರು 150ಕ್ಕಿಂತ ಕಡಿಮೆ, ಅದರಲ್ಲಿ 35 ಜನ ತಮ್ಮವರ ಗುಂಡಿಗೇ ಸತ್ತವರು. ಸಿನಿಮಾ ಬಂದು ಎಂಟು ವರ್ಷಕ್ಕೆ, 2004ರ ಏಪ್ರಿಲ್‌ನಲ್ಲಿ, ಫುಟ್‌ಬಾಲ್ ಬಿಟ್ಟು ಸೈನ್ಯ ಸೇರಿದ್ದ ಪ್ಯಾಟ್ ಟಿಲ್‌ಮನ್ ಅಫ್ಘಾನಿಸ್ತಾನದಲ್ಲಿ ತನ್ನವರ ಗುಂಡಿಗೇ ಸತ್ತ. ಶತ್ರುವಿನ ಜೊತೆ ಹೋರಾಡುತ್ತಾ ಮಡಿದ ಅಂತ ಸಿಲ್ವರ್ ಸ್ಟಾರ್ ಕೊಟ್ಟರು. ಮನೆಯವರಿಗೆ ನಿಜ ತಿಳಿದದ್ದು ಒಂದು ತಿಂಗಳ ಮೇಲೆ.

ಅವನ ತಮ್ಮ ಕೆವಿನ್ 2007ರ ಏಪ್ರಿಲ್ 24ರಂದು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಅವತ್ತು ಅದೇ ಸಮಿತಿಯ ಮುಂದೆ ಜೆಸಿಕಾ ಲಿಂಚ್ ಕೂಡ ಇದ್ದಳು. 2003ರಲ್ಲಿ ಇರಾಕಿನ ನಾಸಿರಿಯಾದಲ್ಲಿ ಸೆರೆಸಿಕ್ಕವಳು. ಕೊನೆಯ ಗುಂಡಿನವರೆಗೆ ಹೋರಾಡಿದ ವೀರವನಿತೆ ಅಂತ ಪತ್ರಿಕೆಗಳು ಬರೆದದ್ದು ಅವಳ ಬಗ್ಗೆಯೇ. ಆ ಕತೆಯನ್ನು ಅಲ್ಲಿಗೇ ಬಿಡಬಹುದಿತ್ತು, ಬಿಟ್ಟಿದ್ದರೆ ಅವಳಿಗೆ ನಷ್ಟವೇನೂ ಇರಲಿಲ್ಲ. ಆದರೆ ಅವಳು ಹೇಳಿದ್ದು, ತನ್ನ ಬಂದೂಕು ಜಾಮ್ ಆಗಿತ್ತು, ತಾನು ಒಂದು ಗುಂಡನ್ನೂ ಹಾರಿಸಲಿಲ್ಲ ಅಂತ.