ಮುಳುಗಿದ ಮೇಲಿನ ಕಥೆ

ನೀರು, ದೋಣಿ, ಮೀನು ಎಂದರೆ ಕನ್ನಡದ ಓದುಗರಿಗೆ ಕರಾವಳಿಯೇ ನೆನಪಾಗುತ್ತದೆ. ಬೀದರಿನವರಾದ ನಮಗೆ ಕಡಲಿಲ್ಲ, ಆದರೆ ದಂಡೆಯಿದೆ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿದ ಕಾರಂಜಾ ಜಲಾಶಯದಲ್ಲಿ ಸುಮಾರು 7.69 ಟಿಎಂಸಿ ನೀರು ನಿಲ್ಲಬಲ್ಲದು. ಈ ದಂಡೆಯ ಮೇಲೆ ನಿಂತು ಗಿರೀಶ್ ಕಾಸರವಳ್ಳಿಯವರ 'ದ್ವೀಪ' (2002) ಚಿತ್ರವನ್ನು ನೆನೆದರೆ ಕೆಲವು ಪ್ರಶ್ನೆಗಳು ಏಳುತ್ತವೆ.

ನಾ. ಡಿಸೋಜಾರ ಕಾದಂಬರಿಯನ್ನು ಆಧರಿಸಿದ ಈ ಚಿತ್ರಕ್ಕೆ ಸ್ವರ್ಣಕಮಲ ದೊರೆತಿದೆ. ಅಣೆಕಟ್ಟೆಯ ಹಿನ್ನೀರು ಏರುತ್ತಿದೆ. ಊರವರು ಪರಿಹಾರ ಪಡೆದು ಹೊರಟುಹೋಗುತ್ತಾರೆ. ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿಯುತ್ತಾರೆ. ಮನೆ ಉಳಿಸಲು ಹೆಣಗಿದವಳು ನಾಗಿ. ಗಂಡ ಮಾತ್ರ ಎಲ್ಲವೂ ದೇವರ ದಯೆ ಎನ್ನುತ್ತಾನೆ. ಹೆಣ್ಣಿನ ದುಡಿಮೆ ಲೆಕ್ಕಕ್ಕೆ ಬಾರದ ಈ ನೋವನ್ನು ಸೌಂದರ್ಯ ಮೌನದಲ್ಲೇ ಹೇಳಿಬಿಡುತ್ತಾರೆ. ಚಿತ್ರದ ದೊಡ್ಡ ಗೆಲುವು ಅದು.

ನಮ್ಮ ತಕರಾರು ಬೇರೆ. ಮಳೆ ಜೋರಾದಂತೆ ಸರ್ಕಾರ ಚಿತ್ರದಿಂದ ಮರೆಯಾಗುತ್ತದೆ. ಮುಳುಗಡೆ ಪ್ರಕೃತಿಯ ಮುನಿಸಿನಂತೆ ಕಾಣತೊಡಗುತ್ತದೆ. ಮಳೆ ನಿಂತರೆ ಕಥೆಯೂ ನಿಲ್ಲುತ್ತದೆ. ನಮ್ಮಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ.

ಕಡಲ ಮೀನುಗಾರನಿಗೆ ನೀರು ತಲೆಮಾರುಗಳ ನೆರೆಮನೆ. ಗಾಳಿ ತಿರುಗುವುದು, ಮೀನು ಮರಿಯಿಡುವ ಕಾಲ ಅವನಿಗೆ ಗೊತ್ತು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದು ಕಾನೂನಿನಿಂದಲಾದರೂ, ಅದರ ಅರ್ಥ ಅವನಿಗೆ ಹೇಳಿಕೊಡಬೇಕಿಲ್ಲ. ಕಾರಂಜಾ ದಂಡೆಯವನಾದರೋ ನಿನ್ನೆಯವರೆಗೆ ಜೋಳ, ತೊಗರಿ ಬೆಳೆದವನು. ಅವನಿಗೆ ನೀರು ಬಂದದ್ದು ಭೂಸ್ವಾಧೀನದ ನೋಟೀಸಿನ ಜೊತೆ. ಜಲಾಶಯಕ್ಕೆ ಬಿಡುವ ಕಾಟ್ಲಾ, ರೋಹು ಮರಿಗಳು ಬೆಳೆದರೂ ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಪರವಾನಗಿಯದು. ತಳದ ನೆಲ ತನ್ನದಾಗಿತ್ತೆಂಬ ಮಾತ್ರಕ್ಕೆ ಬಲೆ ಬೀಸಲಾಗದು. ನಾಳೆ ದೋಣಿವಿಹಾರ ಬಂದರೂ ಟಿಕೆಟಿನ ಹಣ ಯಾರ ಕೈಸೇರುತ್ತದೆ?

ಈ ನೀರನ್ನು ಬೀದರ್ ನಗರ ಕುಡಿಯುತ್ತದೆ. ಬರ ಬಂದಾಗ ಔರಾದಿನ ಮಂಜ್ರಾ ದಂಡೆಯ ರೈತನೂ ಕೊಡ ನೀರಿನ ಬೆಲೆ ಬಲ್ಲ. ಆದ್ದರಿಂದ ಅಣೆಕಟ್ಟೆಯೇ ಬೇಡವಾಗಿತ್ತೆಂದು ನಾವು ಹೇಳಲಾರೆವು. ಆದರೆ ನ್ಯಾಯವಾದ ಪರಿಹಾರ ಕೇಳಿ ಕಾರಂಜಾ ಸಂತ್ರಸ್ತರು 2022ರಲ್ಲೂ ಬೀದರಿನಲ್ಲಿ ಧರಣಿ ಕೂರಬೇಕಾಯಿತು. ಅವರ ಜಮೀನು ಮುಳುಗಿ ದಶಕಗಳೇ ಕಳೆದಿದ್ದವು.

ಒಂದು ಚಿತ್ರ ಎಲ್ಲವನ್ನೂ ಹೇಳಬೇಕೆಂಬುದು ನಮ್ಮ ಹಟವಲ್ಲ. 'ದ್ವೀಪ' ಒಂದು ಮನೆಯ ಒಳಗನ್ನು ಪ್ರಾಮಾಣಿಕವಾಗಿ ತೋರಿಸಿತು. ಮನೆ ಬಿಟ್ಟು ಹೋದವರು ಎಲ್ಲಿಗೆ ಹೋದರು, ಏನು ತಿಂದರು ಎಂಬ ಕಥೆ ಹಾಗೆಯೇ ಉಳಿಯಿತು. ನಾಗಿಯ ದುಡಿಮೆಯನ್ನು ಗಣಪ ಮರೆತದ್ದು ತಪ್ಪೆಂದು ಒಪ್ಪುವ ನಾವು, ನಲ್ಲಿ ತಿರುಗಿಸುವಾಗ ಯಾರನ್ನು ಮರೆಯುತ್ತಿದ್ದೇವೆಂದು ಕೇಳಿಕೊಳ್ಳಬೇಡವೇ?