ಗುಂಪಿಗೆ ಕೊಡುವ ಕೈ, ಒಬ್ಬಳಿಗೆ ಮುಚ್ಚಿದ ಬಾಗಿಲು

ಬಾನು ಮುಷ್ತಾಕ್ ಅವರ ಕಥೆಗಳನ್ನು ಕುರಿತ ವಿಮರ್ಶೆಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಇವು ಮುಸ್ಲಿಂ ಹೆಣ್ಣಿನ ನೋವಿನ ಕಥೆಗಳು, ಪುರುಷಪ್ರಧಾನ ವ್ಯವಸ್ಥೆಯ ವಿರುದ್ಧ ಎದ್ದ ದನಿ ಎಂಬ ಮಾತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲಂತೂ ಇದು ಎಲ್ಲರ ಬಾಯಿಪಾಠವಾಗಿದೆ. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಈ ಕಥೆಗಳಲ್ಲಿರುವ ಇನ್ನೊಂದು ಪಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಪಾತ್ರ ವ್ಯಕ್ತಿಯಲ್ಲ, ಸಂಸ್ಥೆ. ಮಸೀದಿ ಕಮಿಟಿ, ಜಮಾಅತ್, ಬಡವರಿಗಾಗಿ ನಡೆಯುವ ಸಾಮೂಹಿಕ ಕಾರ್ಯಕ್ರಮ, ಹೀಗೆ ಬೇರೆ ಬೇರೆ ವೇಷದಲ್ಲಿ ಅದು ಬರುತ್ತದೆ. ಕಷ್ಟದಲ್ಲಿ ಒಂಟಿಯಾದವರ ಕೈ ಹಿಡಿಯಬೇಕಾದ ಸಂಸ್ಥೆ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಇಷ್ಟು ಹತ್ತಿರದಿಂದ ನೋಡಿದ ಕಥೆಗಾರರು ಹೆಚ್ಚಿಲ್ಲ.

'ಕರಿ ನಾಗರಗಳು' ಕಥೆಯನ್ನೇ ತೆಗೆದುಕೊಳ್ಳೋಣ. ಆಟೋ ಓಡಿಸುವ ಯಾಕೂಬ್ ಮೂರು ಹೆಣ್ಣು ಹೆತ್ತ ಅಶ್ರಫ್‌ಳನ್ನು ಬಿಟ್ಟು ಹೋಗಿದ್ದಾನೆ. ಒಂದು ಮಗುವಿಗೆ ಕಾಯಿಲೆ. ಓದು ಬಲ್ಲ ಜುಲೇಖಾ ಬೇಗಂ ಅವಳಿಗೆ ಧರ್ಮವೇ ಕೊಟ್ಟಿರುವ ಹಕ್ಕುಗಳನ್ನು ತಿಳಿಸಿ ಹೇಳುತ್ತಾಳೆ. ಅಶ್ರಫ್ ಮಸೀದಿಯ ಮುತವಲ್ಲಿಯ ಮೊರೆ ಹೋಗುತ್ತಾಳೆ. ಅವಳು ಕೇಳುವುದು ಭಿಕ್ಷೆಯಲ್ಲ, ನ್ಯಾಯ. ಮುತವಲ್ಲಿ ಇಲ್ಲ ಎನ್ನುವುದಿಲ್ಲ. ನೋಡೋಣ ಎನ್ನುತ್ತಾನೆ, ಮುಂದಕ್ಕೆ ಹಾಕುತ್ತಾನೆ. ಕೊನೆಗೆ ಅವಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಆವರಣದಲ್ಲೇ ಕೂರುತ್ತಾಳೆ. ತೀರ್ಮಾನ ಬರುವ ಮೊದಲೇ ಅಲ್ಲಿ ಮಗು ತೀರಿಕೊಳ್ಳುತ್ತದೆ. ಆಮೇಲೆ ಮೊಹಲ್ಲಾದ ಹೆಂಗಸರ ಶಾಪ ಮುತವಲ್ಲಿಯ ಬೆನ್ನು ಹತ್ತುತ್ತದೆ. ಅವನ ಹೆಂಡತಿ ಅಮೀನಾ, ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ತಾನೇ ತೀರ್ಮಾನಿಸಿ ಹೊರಡುತ್ತಾಳೆ. ಗಿರೀಶ್ ಕಾಸರವಳ್ಳಿ 2004ರಲ್ಲಿ ಈ ಕಥೆಯನ್ನು 'ಹಸೀನಾ' ಎಂಬ ಚಿತ್ರವಾಗಿಸಿದರು. ಅದರ ನಟನೆಗಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಈ ಕಥೆಯಲ್ಲಿ ಕೊಲ್ಲುವುದು ಕ್ರೌರ್ಯವೊಂದೇ ಅಲ್ಲ, ವಿಳಂಬ ಕೂಡ. ಯಾಕೂಬ್ ಮುತವಲ್ಲಿಯ ಜೊತೆ ಗಂಡಸು ಗಂಡಸಿನೊಡನೆ ಮಾತಾಡಿದಂತೆ ಮಾತಾಡಬಲ್ಲ. ಅಶ್ರಫ್ ಬಾಗಿಲಾಚೆ ನಿಲ್ಲಬೇಕು. ಕಮಿಟಿಗೆ ವಾರಗಳ ಲೆಕ್ಕ, ಕಾಯಿಲೆಯ ಮಗುವಿಗೆ ಗಂಟೆಗಳ ಲೆಕ್ಕ. ಎರಡು ಗಡಿಯಾರಗಳೂ ಒಂದೇ ಆವರಣದಲ್ಲಿ ನಡೆಯುತ್ತಿವೆ, ಆದರೆ ಒಂದಕ್ಕೊಂದು ಕೇಳಿಸುವುದಿಲ್ಲ. ಮಸೀದಿಗೆ ಐದು ಹೊತ್ತು ಜನ ಬಂದು ಹೋಗುತ್ತಾರೆ. ಅಂಥ ಜಾಗದಲ್ಲೇ ಒಬ್ಬ ಹೆಂಗಸು ಇಷ್ಟು ಒಂಟಿಯಾಗಿರಲು ಸಾಧ್ಯ ಎಂಬುದೇ ಕಥೆಯ ನಿಜವಾದ ಆಘಾತ.

'ಕೆಂಪು ಲುಂಗಿ' ಕಥೆ ಇದರ ಇನ್ನೊಂದು ಮುಖ. ರಜೆಯಲ್ಲಿ ಮನೆ ತುಂಬಿದ ಮಕ್ಕಳ ಗದ್ದಲದಿಂದ ರೋಸಿಹೋದ ರಝಿಯಾ ಹುಡುಗರ ಖತ್ನಾ ಮಾಡಿಸಲು ಹೊರಡುತ್ತಾಳೆ. ಅದರ ಜೊತೆಗೆ ಬಡವರ ಮಕ್ಕಳಿಗೂ ಸಾಮೂಹಿಕ ಖತ್ನಾ ಏರ್ಪಾಡಾಗುತ್ತದೆ. ಮನೆಯ ಹುಡುಗರಿಗೆ ಡಾಕ್ಟರು, ಅರಿವಳಿಕೆ. ಬಡ ಹುಡುಗರಿಗೆ ಸಾಲು, ಕೆಂಪು ಬಟ್ಟೆ, ಒಂದಿಷ್ಟು ಗೋಧಿ, ಕೊಬ್ಬರಿ. ಇಲ್ಲಿ ಯಾರೂ ಕೆಟ್ಟವರಲ್ಲ, ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಕೊಡುವ ಕೈಗೆ ಎದುರಿಗಿರುವ ಮುಖ ಕಾಣುವುದಿಲ್ಲ, ಸಾಲು ಮಾತ್ರ ಕಾಣುತ್ತದೆ. ಕಥೆಯ ಕೊನೆಯಲ್ಲಿ ಬಡವರ ಹುಡುಗ ಆರಿಫ್‌ನ ಗಾಯ ಮಾಯುತ್ತದೆ, ಸಿರಿವಂತರ ಮನೆಯ ಹುಡುಗ ನರಳುತ್ತಾನೆ. ಈ ವ್ಯಂಗ್ಯವನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ರಝಿಯಾಳ ಕಣ್ಣಿಗೆ ಆರಿಫ್ ಒಬ್ಬ ಹುಡುಗನಾಗಿ ಕಾಣುವುದು ಕಾರ್ಯಕ್ರಮ ಮುಗಿದ ಮೇಲೆ ಎಂಬುದು.

ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸತ್ಯ ಹೊಳೆಯುತ್ತದೆ. ನಮ್ಮ ಸಮುದಾಯ ಜಿಪುಣ ಸಮುದಾಯವಲ್ಲ. ಗುಂಪಿಗೆ ಕೊಡಲು ಅದರ ಕೈ ಬಲು ಧಾರಾಳ. ರಂಜಾನ್ ಕಿಟ್ಟು, ಸಾಮೂಹಿಕ ವಿವಾಹ, ನೋಟ್‌ಬುಕ್ ವಿತರಣೆ, ಯಾವುದಕ್ಕೂ ಹಣ ಹುಟ್ಟುತ್ತದೆ. ಆದರೆ ಒಬ್ಬಳೇ ಒಬ್ಬಳು, ಜೊತೆಗೆ ಗಂಡಸಿಲ್ಲದೆ, ಕಾರ್ಯಕ್ರಮವಿಲ್ಲದ ದಿನ ಬಂದು ಬಾಗಿಲು ತಟ್ಟಿದರೆ ಏನು ಮಾಡಬೇಕೆಂದು ಅದಕ್ಕೆ ಗೊತ್ತಿಲ್ಲ. ಇದು ಮುಸ್ಲಿಮರ ಸಂಸ್ಥೆಗಳ ದೋಷ ಮಾತ್ರವಲ್ಲ. ಜಾತಿ ಸಂಘಗಳು, ಮಠಗಳು, ನಗರದ ಸೇವಾ ಕ್ಲಬ್ಬುಗಳು ಎಲ್ಲವೂ ಈ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಹುದು.

ಒಂಟಿ ಮಾಡುವ ಶಕ್ತಿ

ಕಮಿಟಿಗಳಿಗೆ ಶಕ್ತಿಯಿಲ್ಲ, ಕಾನೂನಿನ ಬಲವಿಲ್ಲ, ಅವು ಏನು ತಾನೇ ಮಾಡಿಯಾವು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಲೇಖಕಿಯ ಬದುಕೇ ಉತ್ತರ ಕೊಡುತ್ತದೆ. 2000ನೇ ಇಸವಿಯಲ್ಲಿ, ಹೆಣ್ಣುಮಕ್ಕಳಿಗೂ ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕಿದೆ ಎಂದದ್ದಕ್ಕೆ ಬಾನು ಮುಷ್ತಾಕ್ ಮತ್ತು ಅವರ ಕುಟುಂಬ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಒಬ್ಬರನ್ನು ಊರಿನಿಂದ ಬೇರ್ಪಡಿಸುವ ಶಕ್ತಿ ಸಮುದಾಯಕ್ಕಿದೆ. ಹಾಗಿದ್ದ ಮೇಲೆ ಬೇರ್ಪಟ್ಟವರನ್ನು ಒಂದೇ ದಿನದಲ್ಲಿ ಸೇರಿಸಿಕೊಳ್ಳುವ ಶಕ್ತಿಯೂ ಅದಕ್ಕೆ ಇರಲೇಬೇಕು. ಮೊದಲನೆಯದಕ್ಕೆ ತುರ್ತು ಸಭೆ ಸೇರುತ್ತದೆ, ಎರಡನೆಯದಕ್ಕೆ ಕೋರಂ ಇರುವುದಿಲ್ಲ.

ಕಾನೂನಿನ ದಾರಿ ಇಲ್ಲವೆಂದಲ್ಲ. ಗಂಡ ಬಿಟ್ಟುಹೋದ ಹೆಂಡತಿ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದಿತ್ತು. 2024ರ ಜುಲೈ 1ರಿಂದ ಅದೇ ಹಕ್ಕು ಹೊಸ ಸಂಹಿತೆಯ 144ನೇ ಕಲಮಿನಲ್ಲಿದೆ. ಶಾ ಬಾನು ತೀರ್ಪಿನ ಬಳಿಕ 1986ರಲ್ಲಿ ಬಂದ ಕಾಯ್ದೆಯನ್ನು ನಾವು ಬಹಳ ಚರ್ಚಿಸಿದ್ದೇವೆ. ಆದರೆ ಅದರ 4ನೇ ಕಲಮಿನ ಮಾತನ್ನು ಆಡಿದ್ದು ಕಡಿಮೆ. ವಿಚ್ಛೇದಿತೆಯನ್ನು ನೋಡಿಕೊಳ್ಳಲು ಶಕ್ತರಾದ ಬಂಧುಗಳಿಲ್ಲದಿದ್ದರೆ ರಾಜ್ಯ ವಕ್ಫ್ ಮಂಡಳಿಯೇ ಅವಳಿಗೆ ಜೀವನಾಂಶ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅಂದರೆ ಯಾರೂ ಇಲ್ಲದವಳಿಗೆ ಸಮುದಾಯದ ಸಂಸ್ಥೆಯೇ ಬಂಧು ಎಂಬ ತತ್ವ ಕಾನೂನಿನೊಳಗೇ ಇದೆ. ಆದರೆ ಅಶ್ರಫ್‌ಳಂಥವಳು ಕೋರ್ಟಿನ ಮೆಟ್ಟಿಲು ಹತ್ತಲು ಬಸ್ ಚಾರ್ಜು ಬೇಕು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕು, ಜೊತೆಗೆ ಬರುವ ಒಂದು ಜೀವ ಬೇಕು. ಕಾನೂನಿಗೂ ಒಂಟಿ ಹೆಂಗಸಿಗೂ ನಡುವೆ ಇರುವ ಈ ಅಂತರವನ್ನು ತುಂಬುವುದೇ ಸ್ಥಳೀಯ ಸಂಸ್ಥೆಯ ಕೆಲಸ.

ಜಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಅವನು ತನ್ನೂರಿನಲ್ಲಿ ಸಿರಿವಂತನಾಗಿದ್ದರೂ ದಾರಿಯಲ್ಲಿ ಕೈಬರಿದಾಗಿ ನಿಂತರೆ ಅವನಿಗೆ ಹಕ್ಕುಂಟು ಎನ್ನುತ್ತಾರೆ ವಿದ್ವಾಂಸರು. ಅಂದರೆ ಬಡತನ ಮಾತ್ರವಲ್ಲ, ತನ್ನವರಿಂದ ಕಡಿದುಹೋಗುವುದೂ ಒಂದು ಕೊರತೆ ಎಂಬ ತಿಳಿವು ಅಲ್ಲಿದೆ. ಮನೆಯೊಳಗೇ ಇದ್ದು ದಾರಿ ತಪ್ಪಿದಂತಾದ ಹೆಂಗಸನ್ನು, ಮಕ್ಕಳೆಲ್ಲ ಪರವೂರಿಗೆ ಹೋದ ಮೇಲೆ ಮಾತಿಲ್ಲದೆ ಉಳಿದ ಮುದುಕನನ್ನು ನಾವು ಆ ಪಟ್ಟಿಯ ಬೆಳಕಿನಲ್ಲಿ ಏಕೆ ನೋಡುವುದಿಲ್ಲ?

ಹೊಳಲ್ಕೆರೆ ಸೀಮೆಯ ಇನ್ನೊಂದು ಮಾದರಿ

ಕಥೆಯ ಸಂಸ್ಥೆ ಸೋತಿತು. ಗೆದ್ದ ಸಂಸ್ಥೆಗಳಿಲ್ಲವೇ ಎಂದು ಕೇಳಿದರೆ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ನೆನಪಿಗೆ ಬರುತ್ತದೆ. ಅಲ್ಲಿ ರಾಘವೇಂದ್ರ ಸ್ವಾಮೀಜಿ 1940ರ ದಶಕದಲ್ಲಿ ಕಟ್ಟಿದ ಅನಾಥಸೇವಾಶ್ರಮ ಯೋಗ, ಆಯುರ್ವೇದ ಚಿಕಿತ್ಸೆ, ಶಾಲೆಗಳಿಗೆ ನಾಡಿನಲ್ಲೆಲ್ಲ ಹೆಸರಾಯಿತು. ಸ್ವಾಮೀಜಿ 1996ರಲ್ಲಿ ತೀರಿಕೊಂಡರು. ಬರೆಯುವಾಗ ಅವರು ಇಟ್ಟುಕೊಂಡ ಹೆಸರು 'ತಿರುಕ'. ಆತ್ಮಕಥೆಯ ಹೆಸರು 'ಜೋಳಿಗೆಯ ಪವಾಡ'. ಸಂಸ್ಥೆ ಕಟ್ಟಿದವನೇ ತನ್ನನ್ನು ತಿರುಕನೆಂದು ಕರೆದುಕೊಂಡದ್ದು ಬರಿಯ ವಿನಯದ ಮಾತಲ್ಲ. ಕೊಡುವವನೂ ಬೇಡಿ ತಂದವನೇ ಆದಾಗ, ಬೇಡಲು ಬಂದವನ ತಲೆ ತಗ್ಗುವುದಿಲ್ಲ. 'ಕೆಂಪು ಲುಂಗಿ'ಯ ಸಾಲಿನಲ್ಲಿ ಇಲ್ಲದಿರುವುದು ಇದೇ.

ಆದರೆ ಆಶ್ರಮದ ಮಾದರಿಗೂ ಮಿತಿಯುಂಟು. ಒಬ್ಬ ಮಹಾಪುರುಷನ ಜೋಳಿಗೆಯ ಮೇಲೆ ನಿಂತದ್ದು ಅವನ ಕಾಲದ ನಂತರ ಅದೇ ಕಸುವಿನಲ್ಲಿ ನಡೆಯುವುದು ಎಲ್ಲ ಕಡೆಯೂ ಕಷ್ಟ. ಅದಕ್ಕಿಂತ ಮುಖ್ಯವಾಗಿ, ಆಶ್ರಮಕ್ಕೆ ನೊಂದವರೇ ನಡೆದು ಬರಬೇಕು. ಅದೇ ತಾಲ್ಲೂಕಿನ ಬಿ.ದುರ್ಗ ಹೋಬಳಿಯಂಥ ಕಡೆ, ಮಳೆ ನಂಬಿದ ಹೊಲ, ಬೋರ್‌ವೆಲ್ ನಂಬಿದ ತೋಟಗಳ ನಡುವಿನ ಹಳ್ಳಿಯೊಂದರಲ್ಲಿ ಒಬ್ಬ ಹೆಂಗಸನ್ನು ಗಂಡ ಬಿಟ್ಟು ಹೋದನೆನ್ನಿ. ತನ್ನ ಜನದ ಮನೆಗಳು ನಾಲ್ಕೋ ಐದೋ. ಜಮಾಅತ್ ಇರುವುದು ಪೇಟೆಯಲ್ಲಿ, ಠಾಣೆ ಮತ್ತು ಕೋರ್ಟು ಇನ್ನೂ ಆಚೆ. ಅಂಥವಳಿಗೆ ಮೊದಲು ಸಿಗುವವರು ಪಕ್ಕದ ಮನೆಯ ಲಿಂಗಾಯತರ ಅಜ್ಜಿಯೋ, ಅಂಗನವಾಡಿ ಟೀಚರೋ, ಆಶಾ ಕಾರ್ಯಕರ್ತೆಯೋ, ಸ್ತ್ರೀಶಕ್ತಿ ಸಂಘದ ಜೊತೆಗಾತಿಯೋ ಆಗಿರುತ್ತಾರೆ. ಹಳ್ಳಿಯ ಮಟ್ಟಿಗೆ ಸಮುದಾಯ ಎಂದರೆ ಇವರೇ. ಪೇಟೆಯ ಸಂಸ್ಥೆಗಳು ಇವರ ಜೊತೆ ಕೈ ಜೋಡಿಸದೆ ಹಳ್ಳಿಯ ಒಂಟಿ ಜೀವವನ್ನು ತಲುಪಲಾರವು.

ಒಂಟಿತನ ಮನಸ್ಸಿನ ಸಣ್ಣ ಬೇಸರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ 6 ಜನರಲ್ಲಿ ಒಬ್ಬರನ್ನು ಅದು ಕಾಡುತ್ತಿದೆ. ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ ಎಂಬುದು ಅದರ ಅಂದಾಜು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಕರೆ ಮಾಡಿ ಕನ್ನಡದಲ್ಲೂ ಮಾತಾಡಬಹುದು. ಒಳ್ಳೆಯದೇ. ಆದರೆ ಮನೆಯ ಒಂದೇ ಫೋನು ಗಂಡನ ಜೇಬಿನಲ್ಲಿದ್ದರೆ? ಯಂತ್ರ ತಲುಪದ ಕಡೆ ಮನುಷ್ಯರೇ ನಡೆದು ಹೋಗಬೇಕು.

2020 ಮತ್ತು 2021ರ ಕೋವಿಡ್ ದಿನಗಳಲ್ಲಿ ನಮ್ಮ ಯುವಕರು ಹಾಗೆ ನಡೆದು ಹೋದರು. ರೇಷನ್ ಹೊತ್ತರು, ಆಕ್ಸಿಜನ್ ಹುಡುಕಿದರು, ಮನೆಯವರೇ ಹತ್ತಿರ ಬರಲಾಗದ ಹೆಣಗಳಿಗೆ ಜಾತಿ ಕೇಳದೆ ಹೆಗಲು ಕೊಟ್ಟರು. ಆದರೆ ಸತ್ತವರಿಗೆ ಹೆಗಲು ಕೊಟ್ಟ ಮೇಲೆ ಉಳಿದವರ ಮನೆಗೆ ಆರು ತಿಂಗಳ ನಂತರ ಯಾರು ಹೋದರು? ದೊಡ್ಡ ವಿಪತ್ತಿಗೆ ಸ್ವಯಂಸೇವಕರು ಸಿಗುತ್ತಾರೆ. ನಿಧಾನವಾಗಿ ಸುಡುವ ವಿಪತ್ತಿಗೆ, ಅಂದರೆ ವೈಧವ್ಯಕ್ಕೆ, ಪರಿತ್ಯಕ್ತೆಯ ಬಾಳಿಗೆ, ಮುಪ್ಪಿಗೆ ಸಿಗುವುದಿಲ್ಲ.

ಕಥೆಗಳು ಮುಟ್ಟದ ಜಾಗ

ಬಾನು ಅವರ ಕಥೆಗಳ ಬಗ್ಗೆ ನನ್ನದೊಂದು ತಕರಾರಿದೆ. 'ಕರಿ ನಾಗರಗಳು' ಕಥೆಯ ಮುತವಲ್ಲಿಯನ್ನು ದ್ವೇಷಿಸುವುದು ಬಹಳ ಸುಲಭ. ಇದರಿಂದಾಗಿ ನಮ್ಮೂರಿನ ಸಜ್ಜನ ಕಾರ್ಯದರ್ಶಿ, ಲೆಕ್ಕ ಸರಿಯಾಗಿಡುವ ಖಜಾಂಚಿ, 'ನಾವು ಹಾಗಿಲ್ಲವಲ್ಲ' ಎಂದು ತಪ್ಪಿಸಿಕೊಳ್ಳಬಹುದು. ಲಂಚ ಮುಟ್ಟದ, ನಮಾಜು ತಪ್ಪಿಸದ ಒಳ್ಳೆಯವರೇ ಕೂತ ಕಮಿಟಿಯಲ್ಲೂ ಅರ್ಜಿ ಮುಂದಿನ ಸಭೆಗೆ ಹೋಗುತ್ತದೆ. ಒಳ್ಳೆಯವರ ಆ ವಿಳಂಬದ ಕಥೆಯನ್ನು ಅವರಿಂದ ಓದಬೇಕೆನಿಸುತ್ತದೆ. 'ಎದೆಯ ಹಣತೆ'ಯಲ್ಲಿ ಸೀಮೆಎಣ್ಣೆ ಸುರಿದುಕೊಂಡ ಮೆಹರುನ್‌ಳನ್ನು ಉಳಿಸುವುದು ಅಣ್ಣತಮ್ಮಂದಿರಲ್ಲ, ಊರಲ್ಲ, ಮಗಳು ಸಲ್ಮಾ. ತಾಯಿಯನ್ನು ಬದುಕಿಸುವ ಭಾರ ಒಂದು ಎಳೆಯ ಹುಡುಗಿಯ ಮೇಲೆ ಬೀಳುತ್ತದೆ. ಕಥೆಯಾಗಿ ಅದು ಮರೆಯಲಾಗದ ಅಂತ್ಯ. ಸಮಾಜವಾಗಿ ನೋಡಿದರೆ ನಾವು ತಲೆ ತಗ್ಗಿಸಬೇಕಾದ ಅಂತ್ಯ. ಮರುದಿನ ಬೆಳಿಗ್ಗೆ ಆ ಮನೆಯ ಬಾಗಿಲಿಗೆ ಯಾರು ಬಂದರು ಎಂದು ಕಥೆ ಹೇಳುವುದಿಲ್ಲ. ಹೇಳುವುದು ಕಥೆಯ ಕೆಲಸವೂ ಅಲ್ಲ. ಅದು ನಮ್ಮ ಕೆಲಸ.

ಅದಕ್ಕೆ ದೊಡ್ಡ ಕಟ್ಟಡ ಬೇಡ. ಕಮಿಟಿಯಲ್ಲಿ ಹೆಣ್ಣುಮಕ್ಕಳು ಸದಸ್ಯರಾಗಿ ಕೂತಿರಬೇಕು, ಪರದೆಯಾಚೆಯ ಅತಿಥಿಗಳಾಗಿ ಅಲ್ಲ. ಗಂಡ ಹೆಂಡಿರಲ್ಲಿ ಯಾರದು ತಪ್ಪು ಎಂಬ ವಿಚಾರಣೆ ತಿಂಗಳು ಹಿಡಿಯಲಿ, ಮಗುವಿನ ಔಷಧಿ ಮಾತ್ರ ಅಂದೇ ಸಿಗಬೇಕು. ತೀರ್ಪಿಗೆ ಮೊದಲು ಆಸರೆ ಎಂಬುದು ನಿಯಮವಾಗಬೇಕು. ಕಷ್ಟ ಹೇಳಿಕೊಂಡವರ ಹೆಸರು ಜುಮಾ ನಂತರದ ಹರಟೆಗೆ ಬರಬಾರದು, ನೆರವು ಕೊಟ್ಟ ಫೋಟೋ ಪೇಪರಿಗೆ ಹೋಗಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಕೊಟ್ಟ ಮೇಲೂ ಹೋಗಿ ಬರುತ್ತಿರಬೇಕು.

ವರ್ಷದ ಕೊನೆಗೆ ನಮ್ಮ ಸಂಸ್ಥೆಗಳು ಲೆಕ್ಕಪತ್ರ ಮಂಡಿಸುತ್ತವೆ. ಎಷ್ಟು ಕಿಟ್ಟು, ಎಷ್ಟು ಮದುವೆ, ಎಷ್ಟು ಹೊಲಿಗೆ ಯಂತ್ರ ಎಂಬುದೆಲ್ಲ ಅದರಲ್ಲಿರುತ್ತದೆ. ಈ ಸಲ ಇನ್ನೊಂದು ಕಾಲಂ ಸೇರಿಸೋಣ: ಒಬ್ಬರೇ ಬಂದು ಬಾಗಿಲು ತಟ್ಟಿದವರೆಷ್ಟು, ಅವರಿಗೆ ಬಾಗಿಲು ತೆರೆಯಲು ನಾವು ತೆಗೆದುಕೊಂಡ ದಿನಗಳೆಷ್ಟು? ಅಶ್ರಫ್‌ಳ ಮಗುವಿಗೆ ನಾವು ಕೊಡಬೇಕಾಗಿರುವ ಲೆಕ್ಕ ಅದೊಂದೇ.