ಬಿಲ್ಲೆ ಧರಿಸಿದವರು ಯಾರು?

1946 ಆಫ್ರಿಕಾದ ವಿಮಾನಯಾನದಲ್ಲಿ ದೊಡ್ಡ ವರ್ಷ. ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೆ ಬ್ರಿಟಿಷರು ತಮ್ಮ ವಸಾಹತುಗಳನ್ನು ಗುಂಪು ಗುಂಪಾಗಿ ಕಟ್ಟಿ ವಿಮಾನ ಸಂಸ್ಥೆಗಳನ್ನು ನಿಲ್ಲಿಸಿದರು. ಕೀನ್ಯಾ, ಉಗಾಂಡಾ, ಟಾಂಗನಿಕಾ, ಜಾಂಜಿಬಾರ್‌ಗಳಿಗೆ ಈಸ್ಟ್ ಆಫ್ರಿಕನ್ ಏರ್‌ವೇಸ್. ಎರಡು ರೊಡೇಷಿಯಾಗಳಿಗೂ ನ್ಯಾಸಾಲ್ಯಾಂಡಿಗೂ ಸೆಂಟ್ರಲ್ ಆಫ್ರಿಕನ್ ಏರ್‌ವೇಸ್. ನೈಜೀರಿಯಾ, ಗೋಲ್ಡ್ ಕೋಸ್ಟ್, ಸಿಯೆರಾ ಲಿಯೋನ್, ಗ್ಯಾಂಬಿಯಾಗಳಿಗೆ ವೆಸ್ಟ್ ಆಫ್ರಿಕನ್ ಏರ್‌ವೇಸ್ ಕಾರ್ಪೊರೇಷನ್. ಈ ಮೂರರಲ್ಲಿ ಒಂದೂ ಇಂದು ಇಲ್ಲ. ಅವುಗಳ ಸಿಬ್ಬಂದಿ ಟೋಪಿಗೆ, ಎದೆಗೆ, ಭುಜಕ್ಕೆ ಹಾಕಿಕೊಳ್ಳುತ್ತಿದ್ದ ಬಿಲ್ಲೆಗಳು ಮಾತ್ರ ಲಂಡನ್, ನೈರೋಬಿ, ಜೊಹಾನ್ಸ್‌ಬರ್ಗ್‌ಗಳ ಹಳೆ ಸಾಮಾನಿನ ಅಂಗಡಿಗಳಲ್ಲೂ ಹರಾಜುಗಳಲ್ಲೂ ಕೈಬದಲಾಗುತ್ತಿವೆ. ಅವನ್ನು ಕೂಡಿಹಾಕುವವರ ಪುಟ್ಟದೊಂದು ಲೋಕವೇ ಇದೆ. ಈ ಹವ್ಯಾಸದ ಬಗ್ಗೆ ನನಗೆ ಗೌರವವಿದೆ, ಗಟ್ಟಿಯಾದ ತಕರಾರೂ ಇದೆ.

ಗೌರವಕ್ಕೆ ಕಾರಣ ಸ್ಪಷ್ಟ. ಮುಚ್ಚಿಹೋದ ಕಂಪನಿಯ ಕಡತಗಳು ಬಲುಬೇಗ ಚದುರಿಹೋಗುತ್ತವೆ. ಹಿತ್ತಾಳೆಯ ಬಿಲ್ಲೆ ಹಾಗಲ್ಲ, ಯಾರದೋ ಮೇಜಿನ ಖಾನೆಯಲ್ಲಿ ಅರ್ಧ ಶತಮಾನ ಬಿದ್ದಿದ್ದರೂ ಸುಸ್ಥಿತಿಯಲ್ಲಿ ಹೊರಬರುತ್ತದೆ. ಅಂಥವನ್ನು ಕಾಲಕ್ರಮದಲ್ಲಿ ಸಾಲಾಗಿ ಇಟ್ಟು ನೋಡಿದರೆ ಒಂದು ಖಂಡದ ರಾಜಕೀಯ ಕಣ್ಣಿಗೆ ಕಟ್ಟುತ್ತದೆ. ಘಾನಾ ಸ್ವತಂತ್ರವಾದ ಮರುವರ್ಷ, 1958ರಲ್ಲಿ, ತನ್ನದೇ ಘಾನಾ ಏರ್‌ವೇಸ್ ಕಟ್ಟಿಕೊಂಡಿತು. ಪಶ್ಚಿಮ ಆಫ್ರಿಕಾದ ಒಕ್ಕೂಟ ಅಲ್ಲಿಗೆ ಒಡೆಯಿತು. ಸೆಂಟ್ರಲ್ ಆಫ್ರಿಕನ್ 1967ರ ಕೊನೆಗೆ ಕರಗಿತು. ಅದರ ಜಾಗದಲ್ಲಿ ಏರ್ ರೊಡೇಷಿಯಾ, ಜಾಂಬಿಯಾ ಏರ್‌ವೇಸ್, ಏರ್ ಮಲಾವಿ ಎಂಬ ಮೂರು ಹೆಸರುಗಳು ಉಳಿದವು. ಈಸ್ಟ್ ಆಫ್ರಿಕನ್ ಏರ್‌ವೇಸ್ ಸ್ವಾತಂತ್ರ್ಯದ ನಂತರವೂ ಮೂರು ದೇಶಗಳ ಕೂಡುಸಂಸ್ಥೆಯಾಗಿ ನಡೆಯಿತು, ಸೂಪರ್ ವಿಸಿ-10ರಂಥ ದೊಡ್ಡ ಜೆಟ್‌ಗಳನ್ನೂ ಹಾರಿಸಿತು. ಬಾಕಿ ಹಣದ ಜಗಳ, ಸರಕಾರಗಳ ನಡುವಿನ ಅಪನಂಬಿಕೆ ಸೇರಿ 1977ರಲ್ಲಿ ಅದನ್ನು ಮುಗಿಸಿದವು. ಇಂಥ ಪ್ರತಿಯೊಂದು ಒಡಕೂ ಹೊಸ ಬಿಲ್ಲೆಗಳನ್ನು ಹುಟ್ಟಿಸಿದೆ. ಪೋರ್ಚುಗೀಸರ ಮೊಜಾಂಬಿಕ್‌ನಲ್ಲಿ 1936ರಲ್ಲಿ ಹುಟ್ಟಿದ ಡೆಟಾ ವಿಮಾನ ಸಂಸ್ಥೆ ಅಲ್ಲಿನ ಬಂದರು-ರೈಲ್ವೆ ಇಲಾಖೆಯದೇ ಒಂದು ವಿಭಾಗವಾಗಿತ್ತು. ವಸಾಹತುಶಾಹಿಗೆ ವಿಮಾನ ಎಂದರೆ ಏನು ಎಂಬುದನ್ನು ಆ ಒಂದು ಸಂಗತಿಯೇ ಹೇಳುತ್ತದೆ.

ಬಿಲ್ಲೆಯ ಮೇಲಿನ ಚಿತ್ರಗಳನ್ನೂ ಗಮನಿಸಬೇಕು. ಪೂರ್ವ ಆಫ್ರಿಕಾದ್ದು ಸಿಂಹ, ದಕ್ಷಿಣ ಆಫ್ರಿಕಾದ್ದು ರೆಕ್ಕೆಯ ಸ್ಪ್ರಿಂಗ್‌ಬಕ್ ಜಿಂಕೆ, ನೈಜೀರಿಯಾ ಏರ್‌ವೇಸ್‌ನದು ಹಾರುವ ಆನೆ. ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್‌ಗೆಂದು ಥಿಯರ್ ಲೀ-ಎಲಿಯಟ್ 1932ರಲ್ಲಿ ಬರೆದ ಸ್ಪೀಡ್‌ಬರ್ಡ್ ಹಕ್ಕಿ ಇವೆಲ್ಲಕ್ಕಿಂತ ಬೇರೆ. ನಾಲ್ಕಾರು ಗೆರೆಗಳಲ್ಲೇ ವೇಗ ಹಿಡಿದ ಆ ಚಿತ್ರದಷ್ಟು ಚೆಂದದ ವಿಮಾನ ಲಾಂಛನ ಇನ್ನೊಂದಿಲ್ಲವೆಂದೇ ನನ್ನ ಅನಿಸಿಕೆ. ಯುರೋಪಿನ ಕಂಪನಿಗೆ ವೇಗ, ಆಫ್ರಿಕಾದ ಕಂಪನಿಗಳಿಗೆ ಕಾಡುಪ್ರಾಣಿ. ಶಿಕಾರಿಗೆ ಬಂದವರು ಆ ಖಂಡವನ್ನು ನೋಡಿದ್ದ ರೀತಿಗೂ ಇದಕ್ಕೂ ಸಂಬಂಧವಿದೆ. ಹಾಗೆಂದು ಇದನ್ನು ಬರೀ ಪರಕೀಯರ ಕಲ್ಪನೆ ಎಂದು ತಳ್ಳಿಹಾಕಲಾಗದು. ಸ್ವತಂತ್ರ ದೇಶಗಳು ಸಿಂಹವನ್ನೂ ಆನೆಯನ್ನೂ ತಮ್ಮವೆಂದೇ ಅಭಿಮಾನದಿಂದ ಹಾರಿಸಿದವು.

ಒಳ್ಳೆಯ ಸಂಗ್ರಾಹಕರು ಬಿಲ್ಲೆಯ ಮುಖಕ್ಕಿಂತ ಬೆನ್ನನ್ನು ಹೆಚ್ಚು ನೋಡುತ್ತಾರೆ. ತಯಾರಕರ ಮುದ್ರೆ, ಪಿನ್ನಿನ ಬಗೆ, ಬೆಸುಗೆ, ಎಲ್ಲ ಅಲ್ಲಿರುತ್ತವೆ. ಅಚ್ಚಿನಲ್ಲಿ ಒತ್ತಿದ್ದರೆ ಗೆರೆಗಳು ಚೂಪಾಗಿರುತ್ತವೆ. ಅಸಲಿಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ದಿದ್ದರೆ ಅಂಚು ಮೊಂಡಾಗಿ, ಮೈಮೇಲೆ ಸಣ್ಣ ಸಣ್ಣ ಗುಳಿಗಳು ಕಾಣಿಸುತ್ತವೆ. ಜರಿ ಕಸೂತಿಯ ರೆಕ್ಕೆಯಾಕಾರದ ಬಿಲ್ಲೆಗಳ ಪರೀಕ್ಷೆ ಇನ್ನೂ ಕಷ್ಟ. ಸಿಯಾಲ್‌ಕೋಟ್, ವಾರಾಣಸಿಗಳ ಕಾರ್ಖಾನೆಗಳಲ್ಲಿ ಇಂದಿಗೂ ಇಂಥ ಕಸೂತಿ ಬಿಲ್ಲೆಗಳನ್ನು ಕೈಯಲ್ಲೇ ಹೊಲಿಯುತ್ತಾರೆ, ಲೋಕವೆಲ್ಲ ಕೊಳ್ಳುತ್ತದೆ. ಹೊಸದನ್ನು ಹಳೆಯದೆಂದು ಮಾರಿದರೆ ಆ ಪಾಪ ಮಾರುವವನದು. ಹೊಲಿದವನ ಕೈ ಅಪ್ಪಟವೇ. ಹೀಗೆ ಕಣ್ಣು ಪಳಗಿಸಿಕೊಳ್ಳುವುದು ನಿಜವಾದ ವಿದ್ಯೆ. ಇದನ್ನು ಕಾಲಹರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ತಕರಾರು ಬೆಲೆ ಕಟ್ಟುವ ಕ್ರಮದ ಬಗ್ಗೆ. ಈ ಲೋಕದಲ್ಲಿ ಪೈಲಟ್‌ನ ರೆಕ್ಕೆಗೆ ಮೊದಲ ಮಣೆ. ಆಮೇಲೆ ಕ್ಯಾಪ್ ಬ್ಯಾಡ್ಜ್, ಅದರ ಹಿಂದೆ ಗಗನಸಖಿಯರ ರೆಕ್ಕೆ. ಸಾಮಾನು ಹೊತ್ತವರ, ಎಂಜಿನ್ ತೊಳೆದವರ, ಟಿಕೆಟ್ ಬರೆದ ಗುಮಾಸ್ತರ ಬಿಲ್ಲೆಗಳು ಚಿಲ್ಲರೆ ರಾಶಿಗೆ ಬೀಳುತ್ತವೆ. ವಸಾಹತು ಕಾಲದಲ್ಲಿ ಕಾಕ್‌ಪಿಟ್ ಬಿಳಿಯರದು, ಹೊರೆ ಆಫ್ರಿಕನ್ನರದು, ಪೂರ್ವ ಆಫ್ರಿಕಾದಲ್ಲಿ ಲೆಕ್ಕಪತ್ರ ಬಹಳಮಟ್ಟಿಗೆ ಭಾರತೀಯ ಮೂಲದವರದು. ಸಂಗ್ರಾಹಕರ ಬೆಲೆಪಟ್ಟಿ ಆ ಹಳೆಯ ಏಣಿಶ್ರೇಣಿಯನ್ನು ಹಾಗೆಯೇ ಉಳಿಸಿಕೊಂಡಿದೆ. ಕಿಸುಮುವಿನಲ್ಲೂ ನೈವಾಷಾ ಸರೋವರದಲ್ಲೂ ಇಳಿಯುತ್ತಿದ್ದ ಹಾರುದೋಣಿಗಳ ಸುವರ್ಣಯುಗವನ್ನು ಅವರು ವರ್ಣಿಸುವಾಗ, ದಡದಲ್ಲಿ ಹಗ್ಗ ಹಿಡಿದು ನಿಂತವರು ಆ ವರ್ಣನೆಯಲ್ಲಿ ಇರುವುದೇ ಇಲ್ಲ.

ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ವೆಸ್ಟ್ ಆಫ್ರಿಕನ್‌ನ ಉತ್ತರಾಧಿಕಾರಿಯಾದ ನೈಜೀರಿಯಾ ಏರ್‌ವೇಸ್ 2003ರಲ್ಲಿ ಮುಳುಗಿತು. ಅದರ ಸಾವಿರಾರು ನೌಕರರು ತಮಗೆ ಬರಬೇಕಾದ ಹಣಕ್ಕಾಗಿ ಹದಿನೈದು ವರ್ಷ ಅಲೆದರು. 2018ರಲ್ಲಿ ಸರಕಾರ ಪಾವತಿ ಶುರುಮಾಡುವ ಹೊತ್ತಿಗೆ ಎಷ್ಟೋ ಜನ ತೀರಿಹೋಗಿದ್ದರು. ಟಾಂಜಾನಿಯಾದಲ್ಲೂ, ಈಸ್ಟ್ ಆಫ್ರಿಕನ್ ಏರ್‌ವೇಸ್ ಸೇರಿದಂತೆ ಮೂರು ದೇಶಗಳ ಕೂಟವಾದ ಪೂರ್ವ ಆಫ್ರಿಕಾ ಸಮುದಾಯದ ಸಂಸ್ಥೆಗಳಲ್ಲಿ ದುಡಿದವರು ದಶಕಗಳ ಕಾಲ ಕೋರ್ಟಿನ ಮೆಟ್ಟಿಲು ಹತ್ತಿದರು. ಬಿಲ್ಲೆಗೆ ಗಿರಾಕಿಗಳು ಪೈಪೋಟಿ ನಡೆಸುವಾಗ ಅದನ್ನು ಧರಿಸಿದ್ದವನ ಪಿಂಚಣಿ ಬಾಕಿ ಉಳಿದಿತ್ತು. ಈ ಇತಿಹಾಸವಿಲ್ಲದ ಬಿಲ್ಲೆ ಅಲಂಕಾರದ ಲೋಹವಷ್ಟೇ.

ಸಂಗ್ರಹದ ಗುಣ ಅಳೆಯಲು ನನ್ನದು ಒಂದೇ ಪ್ರಶ್ನೆ: ಪಕ್ಕದಲ್ಲಿ ಚೀಟಿ ಇದೆಯೇ? ಯಾರದು, ಯಾವ ಊರಿನ ನಿಲ್ದಾಣದಲ್ಲಿ ಯಾವ ಕೆಲಸ, ಯಾರ ಕೈಯಿಂದ ಬಂತು ಎಂಬ ನಾಲ್ಕು ಸಾಲು ಇದ್ದರೆ ಒಬ್ಬ ಲೋಡರ್‌ನ ತುಕ್ಕು ಹಿಡಿದ ನಂಬರ್ ಬಿಲ್ಲೆಯೂ ದಾಖಲೆಯಾಗುತ್ತದೆ. ಇಲ್ಲದಿದ್ದರೆ ಅಪರೂಪದ ರೆಕ್ಕೆಯೂ ಮೂಕ. ನೈರೋಬಿಯ ವಿಲ್ಸನ್ ಏರ್‌ವೇಸ್ ಬದುಕಿದ್ದು 1929ರಿಂದ 1939ರವರೆಗೆ ಮಾತ್ರ. ಆ ಕಂಪನಿಯನ್ನು ಕಟ್ಟಿದ ಫ್ಲಾರೆನ್ಸ್ ಕೆರ್ ವಿಲ್ಸನ್ ಎಂಬ ಮಹಿಳೆಯ ಹೆಸರು ಇಂದಿಗೂ ಅಲ್ಲಿನ ಒಂದು ವಿಮಾನ ನಿಲ್ದಾಣಕ್ಕಿದೆ. ಆ ಕಂಪನಿಯಲ್ಲಿ ದುಡಿದ ಮೆಕ್ಯಾನಿಕ್‌ಗಳ ಹೆಸರು ಯಾರ ಬಾಯಲ್ಲೂ ಇಲ್ಲ.

ನಮ್ಮ ಓದುಗರಿಗೆ ಇದು ತೀರಾ ದೂರದ ವಿಷಯವಲ್ಲ. ಏರ್ ಇಂಡಿಯಾ 1950ರಲ್ಲಿ ಮುಂಬಯಿ-ನೈರೋಬಿ ವಿಮಾನ ಶುರುಮಾಡಿತು. ಈಸ್ಟ್ ಆಫ್ರಿಕನ್ ಏರ್‌ವೇಸ್ ಕೂಡ ಮುಂಬಯಿಗೆ ಬರುತ್ತಿತ್ತು. ನೈರೋಬಿ, ಮೊಂಬಾಸಾ, ದಾರ್ ಎಸ್ ಸಲಾಮ್‌ಗಳಲ್ಲಿ ನೌಕರಿ ಮಾಡಿ ಮರಳಿದ ಕುಟುಂಬಗಳು ನಮ್ಮ ಕರಾವಳಿಯಲ್ಲೂ ಇವೆ. ಅಂಥ ಮನೆಯ ಟ್ರಂಕಿನಲ್ಲಿ ಸಿಂಹದ ಬಿಲ್ಲೆಯೋ ಹಳೆಯ ಏರ್‌ಲೈನ್ ಬ್ಯಾಗೋ ಸಿಕ್ಕರೆ, ಮಾರುವ ಮುನ್ನ ಮನೆಯ ಹಿರಿಯರನ್ನು ಕೂರಿಸಿಕೊಂಡು ಅದು ಯಾರದೆಂದು ಕೇಳಿ, ಬರೆದು, ಆ ಕಾಗದವನ್ನು ಅದರ ಜೊತೆಗೇ ಇಡಿ.